ಫಲಕವನ್ನಲ್ಲ, ಲಾರಿಯನ್ನು ನೋಡಿರಿ

ಊರಿಗೆ ಸಾಮಾನು ಕಳುಹಿಸುವ ನಮ್ಮವರು ಅರಿತಿರಬೇಕಾದ ಸಂಗತಿಗಳು

ಚೆನ್ನೈಯಲ್ಲಿ ನೆಲಸಿದ ಕನ್ನಡಿಗರು ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಊರಿಗೆ ಹೋಗಿ ಬರುತ್ತಾರೆ. ಅವರ ಸಂಸಾರದ ಸಾಮಾನು ಮಾತ್ರ ಲಾರಿಯಲ್ಲಿಯೇ ಹೋಗುತ್ತದೆ. ವರ್ಗವಾದ ಗುಮಾಸ್ತರ ಮಂಚ, ಮೇಜು, ಪಾತ್ರೆ ಪಡಗಗಳು ಹೋಗುವುದು ಲಾರಿಯಲ್ಲಿ. ಹತ್ತಿಪ್ಪತ್ತು ವರ್ಷ ಒಲೆಯ ಮುಂದೆ ಬೆಂದು ದುಡಿದ ಅಡಿಗೆಯವರು ತಂಗಿಯ ಮದುವೆಗೆಂದು ಕೊಂಡ ಕಪಾಟು, ರುಬ್ಬುವ ಯಂತ್ರಗಳು ಹೋಗುವುದೂ ಲಾರಿಯಲ್ಲಿ. ಹೋಟೆಲಿನ ಸಂಗತಿಯನ್ನಂತೂ ಹೇಳಬೇಕಾದುದೇ ಇಲ್ಲ. ಚಿಕ್ಕಮಗಳೂರು, ಕೊಡಗುಗಳ ಕಡೆಯಿಂದ ಬರುವ ಕಾಫಿಬೀಜದಿಂದ ಮೊದಲುಗೊಂಡು ಕೊಯಂಬೇಡಿನ ಪೇಟೆಯಲ್ಲಿ ನಸುಕಿನಲ್ಲಿ ಇಳಿಯುವ ತರಕಾರಿಯವರೆಗೆ ಎಲ್ಲವೂ ಲಾರಿಯ ಬೆನ್ನಿನ ಮೇಲೆಯೇ ಬರತಕ್ಕದ್ದು.

ಹೀಗಿದ್ದರೂ, ಸಾಮಾನನ್ನು ಒಪ್ಪಿಸುವಾಗ ನಮ್ಮವರು ಕೇಳುವ ಪ್ರಶ್ನೆಗಳು ಎರಡೇ: ಬಾಡಿಗೆ ಎಷ್ಟು? ಯಾವ ದಿನ ತಲಪುತ್ತದೆ? ಲಾರಿ ಯಾರದು, ಅದು ರಸ್ತೆಯಲ್ಲಿ ಓಡಲು ಯೋಗ್ಯವೆಂದು ಸರಕಾರ ಒಪ್ಪಿದೆಯೇ, ಅದಕ್ಕೆ ವಿಮೆ ಇದೆಯೇ, ಬುಕಿಂಗ್ ಕಚೇರಿಯವರು ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಿಕೊಂಡಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಯಾರೂ ಎತ್ತುವುದಿಲ್ಲ. ಕಚೇರಿಯ ಮುಂದಿನ ಫಲಕ ದೊಡ್ಡದಾಗಿದ್ದರೆ, ಒಳಗೆ ದೇವರ ಪಟಕ್ಕೆ ಹೂವಿನ ಮಾಲೆ ಇದ್ದರೆ, ಕುಳಿತಿರುವವರು ನಯವಾಗಿ ಮಾತನಾಡಿದರೆ ಅಷ್ಟೇ ಸಾಕೆಂದು ಜನ ನಂಬುತ್ತಾರೆ. ಕಂಗೆಡುವ ಪ್ರಸಂಗ ಬರುವುದು ಅನಂತರ.

ಅಪಘಾತವೆಂಬುದು ದೂರದ ಮಾತೆಂದು ಯಾರೂ ತಿಳಿಯಬಾರದು. ಕೇಂದ್ರ ಸರಕಾರದ ಸಾರಿಗೆ ಮಂತ್ರಾಲಯವು ಪ್ರಕಟಿಸಿದ ಲೆಕ್ಕದ ಪ್ರಕಾರ ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ೪,೬೧,೩೧೨ ಅಪಘಾತಗಳು ಸಂಭವಿಸಿ ೧,೬೮,೪೯೧ ಜನ ಮಡಿದರು. ಅಪಘಾತಗಳ ಸಂಖ್ಯೆಯಲ್ಲಿ ಆ ವರ್ಷ ಪ್ರಥಮ ಸ್ಥಾನ ನಾವು ಅನ್ನ ಸಂಪಾದಿಸುತ್ತಿರುವ ತಮಿಳುನಾಡಿನದೇ ಆಗಿತ್ತು: ೬೪,೧೦೫. ಇವೆಲ್ಲವೂ ಲಾರಿಗಳಿಂದಲೇ ಆದುವಲ್ಲ, ನಿಜ. ಆದರೆ ಚೆನ್ನೈಯಿಂದ ಹೊರಟು ಕೃಷ್ಣಗಿರಿ, ಹೊಸೂರು, ಬೆಂಗಳೂರು, ಹಾಸನ, ಸಕಲೇಶಪುರಗಳನ್ನು ಹಾದು ಶಿರಾಡಿಯ ಘಟ್ಟವನ್ನಿಳಿದು ಕರಾವಳಿಗೆ ಸೇರಬೇಕಾದ ಲಾರಿಯ ಬ್ರೇಕು ಸರಿಯಾಗಿದೆಯೋ ಇಲ್ಲವೋ ಎಂಬುದು ಸಾಮಾನಿನ ಒಡೆಯನಿಗೆ ಸಂಬಂಧಪಡದ ವಿಷಯವೆಂದು ಹೇಳಲಾದೀತೇ?

ಫಲಕದ ಹಿಂದೆ ಯಾರು?

ಮೊದಲು ಈ ವ್ಯಾಪಾರದ ರೀತಿಯನ್ನು ಅರಿಯಬೇಕು. ಚೆನ್ನೈಯಲ್ಲಿ ಲಾರಿ ಕಚೇರಿಗಳು ಹಿಂದೆ ಜಾರ್ಜ್‌ಟೌನಿನ ಇಕ್ಕಟ್ಟಾದ ಬೀದಿಗಳಲ್ಲಿ ಕಿಕ್ಕಿರಿದಿದ್ದುವು. ಅಲ್ಲಿನ ಸಂದಣಿಯನ್ನು ತಗ್ಗಿಸುವುದಕ್ಕಾಗಿ ನಗರಾಭಿವೃದ್ಧಿಯ ಅಧಿಕಾರಿಗಳು ಮಾಧವರಂನಲ್ಲಿ ಲಾರಿ ನಿಲ್ದಾಣವನ್ನು ಕಟ್ಟಿಸಿದರು. ಎಲ್ಲಿದ್ದರೂ ವ್ಯವಹಾರದ ಸ್ವರೂಪ ಒಂದೇ. ಸಾಮಾನನ್ನು ಬುಕ್ ಮಾಡಿಕೊಳ್ಳುವ ಕಚೇರಿಗೆ ಅನೇಕ ವೇಳೆ ಸ್ವಂತ ಲಾರಿಯೇ ಇರುವುದಿಲ್ಲ. ಕಚೇರಿಯವರು ಬ್ರೋಕರನಿಗೆ ಹೇಳುತ್ತಾರೆ; ಬ್ರೋಕರನು ಖಾಲಿ ನಿಂತಿರುವ ಲಾರಿಯೊಂದನ್ನು ಗೊತ್ತುಮಾಡುತ್ತಾನೆ; ಆ ಲಾರಿಯ ಒಡೆಯನು ನಾಮಕ್ಕಲ್ಲಿನಲ್ಲಿಯೋ ಸಂಕಗಿರಿಯಲ್ಲಿಯೋ ಇರುತ್ತಾನೆ; ಓಡಿಸುವವನು ಇನ್ನೊಬ್ಬ. ಹೀಗೆ ಬುಕಿಂಗ್ ಕಚೇರಿ, ಬ್ರೋಕರು, ಒಡೆಯ, ಚಾಲಕ ಎಂದು ನಾಲ್ಕು ಕೈಗಳನ್ನು ದಾಟಿ ಸಾಮಾನು ಹೋಗುತ್ತದೆ. ನಮ್ಮವರು ನೋಡಿರುವುದು ಮೊದಲನೆಯ ಕೈಯನ್ನು ಮಾತ್ರ.

ಈ ವಿಷಯದಲ್ಲಿ ಅಮೆರಿಕದ ಏರ್ಪಾಡನ್ನು ತಿಳಿದುಕೊಳ್ಳುವುದು ಉಪಯುಕ್ತ. ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ಪ್ರತಿಯೊಂದು ಕಂಪೆನಿಗೂ ಕೇಂದ್ರ ಸಾರಿಗೆ ಇಲಾಖೆಯು ಒಂದು ಸಂಖ್ಯೆಯನ್ನು ಕೊಡುತ್ತದೆ. ಅದನ್ನು ಲಾರಿಯ ಪಕ್ಕದಲ್ಲಿ ಬರೆಸಿರಬೇಕು. ಆ ಸಂಖ್ಯೆಯನ್ನು ಹಿಡಿದು ಯಾವ ಸಾಮಾನ್ಯ ಮನುಷ್ಯನಾದರೂ ಸರಕಾರದ ಜಾಲತಾಣದಲ್ಲಿ ಕಂಪೆನಿಯ ಚರಿತ್ರೆಯನ್ನು ನೋಡಬಹುದು. ಕಳೆದ ೨೪ ತಿಂಗಳಲ್ಲಿ ಅದರ ಲಾರಿಗಳನ್ನು ಎಷ್ಟು ಸಲ ತಪಾಸಣೆ ಮಾಡಿದರು, ಎಷ್ಟನ್ನು ದೋಷಕ್ಕಾಗಿ ನಿಲ್ಲಿಸಿಬಿಟ್ಟರು, ಎಷ್ಟು ಅಪಘಾತಗಳಾದುವು ಎಂಬುದೆಲ್ಲ ಅಲ್ಲಿ ತೆರೆದಿಟ್ಟಿದೆ.

ನಮ್ಮ ದೇಶದಲ್ಲಿ ಕಂಪೆನಿಯ ಹೆಸರು ಹೇಳಿ ಅದರ ಅಪಘಾತಗಳ ಪಟ್ಟಿಯನ್ನು ಪಡೆಯುವ ಇಂಥ ಬಹಿರಂಗ ದಫ್ತರವು ಸಾಮಾನ್ಯ ಜನರಿಗೆ ದೊರಕುವಂತಿಲ್ಲ. ಇಲ್ಲಿ ದಾಖಲೆಯೆಂಬುದು ಬಹುಮಟ್ಟಿಗೆ ವಾಹನಕ್ಕೆ ಅಂಟಿಕೊಂಡಿರುತ್ತದೆ, ಕಂಪೆನಿಗಲ್ಲ. ಆದಕಾರಣ ನಾವು ವಾಚಕರಿಗೆ ಹೇಳತಕ್ಕ ಮುಖ್ಯ ಮಾತು ಇದು: ಫಲಕದ ಹೆಸರನ್ನು ನಂಬಿ ಕೂರದೆ, ನಿಮ್ಮ ಸಾಮಾನನ್ನು ಯಾವ ಲಾರಿಗೆ ಏರಿಸುತ್ತಾರೋ ಆ ಲಾರಿಯ ನಂಬರನ್ನು ಕೇಳಿರಿ. ಆ ನಂಬರಿನಿಂದ ಅರ್ಧ ಗಂಟೆಯಲ್ಲಿ ತಿಳಿಯತಕ್ಕ ಸಂಗತಿಗಳು ಬಹಳ ಇವೆ.

ಕಚೇರಿಯ ನೋಂದಣಿ

ಕಚೇರಿಯನ್ನೇ ವಿಚಾರಿಸುವ ಹಾದಿ ಸಂಪೂರ್ಣವಾಗಿ ಮುಚ್ಚಿದೆಯೆಂದು ಇದರ ಅರ್ಥವಲ್ಲ. ೧೮೬೫ರ ಬ್ರಿಟಿಷ್ ಕಾಲದ ಕಾಯಿದೆಯನ್ನು ತೆಗೆದುಹಾಕಿ ನಮ್ಮ ಪಾರ್ಲಿಮೆಂಟು ೨೦೦೭ರಲ್ಲಿ ರಸ್ತೆ ಸರಕು ಸಾಗಣೆಯ ಹೊಸ ಕಾಯಿದೆಯನ್ನು ಮಾಡಿತು. ಅದು ೨೦೧೧ರ ಮಾರ್ಚ್ ೧ರಿಂದ ಜಾರಿಗೆ ಬಂದಿತು. ಇದರ ಪ್ರಕಾರ, ಬಾಡಿಗೆಗೆ ಎಲ್ಲರ ಸರಕನ್ನೂ ಭೇದವಿಲ್ಲದೆ ಸಾಗಿಸುವ ವೃತ್ತಿಯವರು ನೋಂದಣಿ ಪತ್ರವಿಲ್ಲದೆ ವ್ಯವಹಾರ ನಡೆಸಕೂಡದು. ಸ್ವಂತ ಲಾರಿ ಇರುವವರಿಗೆ ಮಾತ್ರವೇ ಈ ನಿಯಮವೆಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಬುಕಿಂಗ್ ಕಂಪೆನಿ, ಗುತ್ತಿಗೆದಾರ, ಏಜೆಂಟ, ಬ್ರೋಕರು, ಮನೆಬಾಗಿಲಿಗೆ ತಲಪಿಸುವ ಕೊರಿಯರಿನವರು ಇವರೆಲ್ಲರೂ ಕಾಯಿದೆಯ ವ್ಯಾಖ್ಯೆಯೊಳಗೇ ಬರುತ್ತಾರೆ. ನೋಂದಣಿ ಪತ್ರವನ್ನು ಕೊಡತಕ್ಕವರು ರಾಜ್ಯದ ಅಥವಾ ಪ್ರಾಂತದ ಸಾರಿಗೆ ಪ್ರಾಧಿಕಾರದವರು. ಅದರ ಅವಧಿ ೧೦ ವರ್ಷ.

ಆದುದರಿಂದ ಸಾಮಾನು ಒಪ್ಪಿಸುವ ಮೊದಲು, “ಸ್ವಾಮಿ, ತಮ್ಮ ನೋಂದಣಿಯ ನಂಬರು ಯಾವುದು? ಎಂದಿನವರೆಗೆ ಇದೆ?” ಎಂದು ವಿನಯವಾಗಿಯೇ ಕೇಳಬಹುದು. ನ್ಯಾಯವಾಗಿ ವ್ಯಾಪಾರ ಮಾಡುವವರು ಇದರಿಂದ ಕೋಪಿಸಿಕೊಳ್ಳಲಾರರು. ಕೋಪಿಸಿಕೊಳ್ಳುವವರನ್ನು ಬಿಟ್ಟು ಮುಂದಿನ ಬಾಗಿಲಿಗೆ ಹೋಗುವುದು ಮೇಲು.

ಇನ್ನೊಂದು ಪರೀಕ್ಷೆ ಗುಮಾಸ್ತರಿಗೆ ಚೆನ್ನಾಗಿ ಪರಿಚಿತವಾದದ್ದು. ೨೦೧೭ರ ಜುಲೈ ೧ರಿಂದ ಜಿ.ಎಸ್.ಟಿ. ಬಂದ ಬಳಿಕ, ನೋಂದಾಯಿಸಿಕೊಂಡ ವ್ಯಾಪಾರಿಗಳಿಗೆ ೧೫ ಅಕ್ಷರಗಳ ಒಂದು ಸಂಖ್ಯೆ ಇರುತ್ತದೆ. ಅದರ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ: ೩೩ ತಮಿಳುನಾಡು, ೨೯ ಕರ್ನಾಟಕ. ಈ ಸಂಖ್ಯೆಯನ್ನು ಜಿ.ಎಸ್.ಟಿ.ಯ ಜಾಲತಾಣದಲ್ಲಿ ಬರೆದರೆ ಅದು ಯಾರ ಹೆಸರಿನಲ್ಲಿದೆ, ನೋಂದಣಿ ಇನ್ನೂ ಜೀವಂತವಾಗಿದೆಯೇ ಅಥವಾ ರದ್ದಾಗಿದೆಯೇ ಎಂಬುದು ತಿಳಿಯುತ್ತದೆ, ಹಣ ಕೊಡಬೇಕಾದುದಿಲ್ಲ. ರಸೀದಿಯ ಮೇಲೆ ಒಂದು ಹೆಸರು, ಜಾಲತಾಣದಲ್ಲಿ ಇನ್ನೊಂದು ಹೆಸರು ಕಂಡುಬಂದರೆ ಅಲ್ಲಿಯೇ ನಿಂತು ವಿಚಾರಿಸತಕ್ಕದ್ದು. ಜಿ.ಎಸ್.ಟಿ. ನೋಂದಣಿ ಇಲ್ಲದ ಸಾಗಣೆದಾರರಿಗೂ ಇ-ವೇ ಬಿಲ್ಲಿನ ಸಲುವಾಗಿ ಬೇರೆ ಗುರುತಿನ ಸಂಖ್ಯೆ ಇರುವುದುಂಟು, ಆದಕಾರಣ ಜಿ.ಎಸ್.ಟಿ. ಸಂಖ್ಯೆ ಇಲ್ಲವೆಂಬ ಮಾತ್ರಕ್ಕೆ ಯಾರನ್ನೂ ಮೋಸಗಾರರೆಂದು ತೀರ್ಮಾನಿಸಬಾರದು.

ಲಾರಿಯ ಜಾತಕ

ಇನ್ನು ಲಾರಿಯ ವಿಷಯ. ಮದುವೆಗೆ ಜಾತಕ ನೋಡುವ ಜನ ನಾವು. ಜೀವಮಾನದ ಗಳಿಕೆಯನ್ನು ಏರಿಸುವ ವಾಹನದ ಜಾತಕವನ್ನು ನೋಡುವುದರಲ್ಲಿ ತಪ್ಪೇನಿಲ್ಲ.

ಕಣ್ಣಿಗೆ ಕಾಣುವುದರಿಂದಲೇ ಪ್ರಾರಂಭಿಸೋಣ. ಬಾಡಿಗೆಗೆ ಓಡುವ ವಾಹನದ ನಂಬರು ಫಲಕವು ಹಳದಿ ಬಣ್ಣದ್ದಾಗಿದ್ದು ಅಕ್ಷರಗಳು ಕಪ್ಪಾಗಿರಬೇಕು. ವಿದ್ಯುತ್ತಿನಿಂದ ಓಡುವ ಬಾಡಿಗೆ ವಾಹನವಾದರೆ ಹಸಿರು ಫಲಕ, ಹಳದಿ ಅಕ್ಷರ. ಬಿಳಿಯ ಫಲಕದ ಗಾಡಿ ಸ್ವಂತ ಉಪಯೋಗದ್ದು. ಅದನ್ನು ಬಾಡಿಗೆಗೆ ಬಿಡುವುದು ಕಾಯಿದೆಗೆ ವಿರುದ್ಧ. ನಂಬರಿನ ಮೊದಲ ಅಕ್ಷರಗಳು ಊರನ್ನು ಹೇಳುತ್ತವೆ: ಟಿಎನ್ ೨೮ ಎಂದರೆ ನಾಮಕ್ಕಲ್, ಕೆಎ ೧೯ ಎಂದರೆ ಮಂಗಳೂರು, ಕೆಎ ೨೦ ಎಂದರೆ ಉಡುಪಿ. ಪರ್ಮಿಟ್ಟಿನ ಷರತ್ತಿನಂತೆ ವಾಹನ ನಡೆಸುವವರ ಹೆಸರು, ವಿಳಾಸಗಳನ್ನು ಗಾಡಿಯ ಎರಡು ಪಕ್ಕಗಳಲ್ಲಿಯೂ ಎದ್ದುಕಾಣುವ ಬಣ್ಣದಲ್ಲಿ ಬರೆಸಿರಬೇಕು. ಆ ಹೆಸರು ಬುಕಿಂಗ್ ಕಚೇರಿಯ ಹೆಸರಿಗಿಂತ ಬೇರೆಯಾಗಿದ್ದರೆ ಗಾಬರಿಪಡಬೇಕಾದುದಿಲ್ಲ; ಆದರೆ ಅದನ್ನು ಬರೆದಿಟ್ಟುಕೊಳ್ಳಬೇಕು. ನಾಳೆ ಹೊಣೆಗಾರಿಕೆಯ ಪ್ರಶ್ನೆ ಬಂದಾಗ ಆ ಒಂದು ಸಾಲು ಬಹಳ ಉಪಯೋಗಕ್ಕೆ ಬರುತ್ತದೆ.

ಮುಂದೆ ಕಾಗದಪತ್ರಗಳು. ಇವನ್ನು ನೋಡಲು ಈಗ ಆರ್.ಟಿ.ಓ. ಕಚೇರಿಯ ಮುಂದೆ ಕಾಯಬೇಕಾದುದಿಲ್ಲ. ಕೇಂದ್ರ ಸರಕಾರದ ವಾಹನ್ ದಫ್ತರವನ್ನು ಪರಿವಾಹನ್ ಜಾಲತಾಣದಲ್ಲಿ ಅಥವಾ ಮೊಬೈಲಿನ ಎಂ-ಪರಿವಾಹನ್ ಆ್ಯಪಿನಲ್ಲಿ ತೆರೆದು, ಲಾರಿಯ ನಂಬರನ್ನು ಬರೆದರೆ ಸಾಕು. ಒಡೆಯನ ಹೆಸರಿನ ಕೆಲವು ಅಕ್ಷರಗಳನ್ನು ಮರೆಮಾಡಿರುತ್ತಾರೆ; ಉಳಿದ ಮುಖ್ಯ ವಿವರಗಳು ಕಾಣುತ್ತವೆ. ಅವುಗಳಲ್ಲಿ ನೋಡತಕ್ಕವು ಮೂರು.

ಒಂದನೆಯದು ಯೋಗ್ಯತಾಪತ್ರ, ಲಾರಿಯವರ ಮಾತಿನಲ್ಲಿ ಎಫ್.ಸಿ. ಬ್ರೇಕು, ಸ್ಟಿಯರಿಂಗು, ದೀಪಗಳು, ಚಕ್ರಗಳು ಇವೆಲ್ಲ ಸರಿಯಾಗಿವೆಯೆಂದು ಪರೀಕ್ಷಿಸಿ ಕೊಡುವ ಪತ್ರವಿದು. ಹೊಸ ಲಾರಿಗೆ ಮೊದಲ ಸಲ ಎರಡು ವರ್ಷಕ್ಕೆ ದೊರೆಯುತ್ತದೆ. ೨೦೧೮ರ ತಿದ್ದುಪಡಿಯಂತೆ, ಎಂಟು ವರ್ಷದವರೆಗಿನ ಗಾಡಿಗೆ ಎರಡೆರಡು ವರ್ಷಕ್ಕೂ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆಯೂ ನವೀಕರಿಸಬೇಕೆಂದು ಗೊತ್ತಾಯಿತು. ಎಫ್.ಸಿ. ಇಲ್ಲದ ಬಾಡಿಗೆ ವಾಹನವನ್ನು ಕಾಯಿದೆಯು ನೋಂದಣಿಯೇ ಇಲ್ಲದ ವಾಹನವೆಂದು ಭಾವಿಸುತ್ತದೆ. ಆದರೆ ಈ ಪತ್ರ ಹೇಳುವುದು ಪರೀಕ್ಷೆಯ ದಿನದ ಸ್ಥಿತಿಯನ್ನು ಮಾತ್ರ. ಆರು ತಿಂಗಳಲ್ಲಿ ಟಯರು ಸವೆದು ನುಣ್ಣಗಾಗಿದ್ದರೆ ಅದನ್ನು ಕಣ್ಣಿನಿಂದಲೇ ನೋಡಿ ತಿಳಿಯಬೇಕು.

ಎರಡನೆಯದು ವಿಮೆ. ಎಂದಿನವರೆಗೆ ಇದೆಯೆಂಬ ತಾರೀಖು ದಫ್ತರದಲ್ಲಿ ಕಾಣುತ್ತದೆ. ವಿಮೆಯಿಲ್ಲದ ಲಾರಿಯಿಂದ ಅನಾಹುತವಾದರೆ ಪರಿಹಾರವನ್ನು ಒಡೆಯನ ಕೈಯಿಂದಲೇ ವಸೂಲು ಮಾಡಬೇಕು. ಒಂದೇ ಲಾರಿಯನ್ನು ಸಾಲದ ಮೇಲೆ ಕೊಂಡವನ ಹತ್ತಿರ ವಸೂಲು ಮಾಡುವುದಕ್ಕೆ ಏನಿರುತ್ತದೆ? ಲಾರಿಯ ವಿಮೆ ಇದೆಯೆಂದು ಸಾಮಾನಿನ ವಿಷಯದಲ್ಲಿ ನಿಶ್ಚಿಂತರಾಗಲೂಬಾರದು. ಸಾಮಾನಿಗೆ ಸಾಗಣೆಯ ವಿಮೆಯೆಂಬುದು ಬೇರೆಯೇ ಇದೆ. ಬೆಲೆಬಾಳುವ ಸಾಮಾನಾದರೆ ಅದನ್ನು ಮಾಡಿಸುವುದು ಲೇಸು.

ಮೂರನೆಯದು ಪರ್ಮಿಟ್. ಗಡಿ ದಾಟಿ ಹೋಗುವ ಲಾರಿಗೆ ಬೇರೆ ರಾಜ್ಯಗಳಲ್ಲಿಯೂ ನಡೆಯುವ ಪರ್ಮಿಟ್ ಬೇಕು. ಲಾರಿಗಳ ಮೇಲೆ ಎನ್.ಪಿ. ಎಂದು ಬರೆದಿರುವುದನ್ನು ಎಲ್ಲರೂ ನೋಡಿಯೇ ಇರುತ್ತಾರೆ. ನ್ಯಾಶನಲ್ ಪರ್ಮಿಟ್ ಎಂಬುದರ ಗುರುತದು. ತುಂಬಿದ ತೂಕ ೩,೦೦೦ ಕಿಲೋಗ್ರಾಮಿಗೆ ಮೀರದ ಸಣ್ಣ ಸರಕು ಗಾಡಿಗಳಿಗೆ ಮಾತ್ರ ಪರ್ಮಿಟ್ ಬೇಕಾಗಿಲ್ಲ; ಆದರೆ ಎಫ್.ಸಿ., ವಿಮೆಗಳು ಅವಕ್ಕೂ ತಪ್ಪಿದ್ದಲ್ಲ.

ತೂಕದ ಮಾತು ಬಂದುದರಿಂದ ಇನ್ನೊಂದನ್ನು ಹೇಳುತ್ತೇವೆ. ಮಿತಿ ಮೀರಿ ಹೇರಿದ ಲಾರಿಗೆ ಘಟ್ಟದ ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದು ಕಷ್ಟ. ೨೦೧೯ರ ಸೆಪ್ಟೆಂಬರ್ ೧ರಿಂದ ಈ ಅಪರಾಧಕ್ಕೆ ೨೦,೦೦೦ ರೂಪಾಯಿಯನ್ನೂ, ಹೆಚ್ಚಾದ ಪ್ರತಿ ಟನ್ನಿಗೆ ೨,೦೦೦ ರೂಪಾಯಿಯನ್ನೂ ದಂಡವಾಗಿ ವಿಧಿಸಿದರು. ೨೦೦೭ರ ಕಾಯಿದೆಯು ಸಾಗಣೆದಾರನೂ ಮಿತಿ ಮೀರಿ ಹೇರಕೂಡದೆಂದು ನಿಷೇಧಿಸಿದೆ. “ಇದ್ದ ಲಾರಿಯಲ್ಲೇ ಹೇಗಾದರೂ ತುರುಕಿಬಿಡಿ” ಎಂದು ಒತ್ತಾಯಿಸುವವರು ತಮ್ಮ ಸಾಮಾನಿಗೆ ತಾವೇ ಕೇಡು ತಂದುಕೊಳ್ಳುತ್ತಾರೆ.

ಚಾಲಕನ ವಿಷಯ

ಚಾಲಕನ ಲೈಸೆನ್ಸಿಗೂ ಸಾರಥಿಯೆಂಬ ಸರಕಾರಿ ದಫ್ತರವಿದೆ. ಬಾಡಿಗೆಯ ವಾಹನ ನಡೆಸುವ ಲೈಸೆನ್ಸು ಬೇರೆ. ೨೦೧೯ರ ತಿದ್ದುಪಡಿಯ ತರುವಾಯ ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಯಿತು. ಮೊಬೈಲಿನಲ್ಲಿ ಸರಕಾರದ ಆ್ಯಪಿನ ಮೂಲಕ ತೋರಿಸುವ ಪತ್ರಗಳಿಗೆ ೨೦೧೮ರಿಂದ ಕಾಗದದಷ್ಟೇ ಮಾನ್ಯತೆ ದೊರೆತಿದೆ. ಆದುದರಿಂದ “ಲೈಸೆನ್ಸು ಒಡೆಯರ ಹತ್ತಿರ ಇದೆ” ಎಂಬ ಉತ್ತರಕ್ಕೆ ಅರ್ಥವಿಲ್ಲ.

ಇಷ್ಟು ಹೇಳಿ ಚಾಲಕನನ್ನು ಅಪರಾಧಿಯಂತೆ ಕಾಣಬೇಕೆಂದು ನಮ್ಮ ಅಭಿಪ್ರಾಯವಲ್ಲ. ಬೆಳಗಿನ ನಾಲ್ಕು ಗಂಟೆಗೆ ಎದ್ದು ರಾತ್ರಿ ಹನ್ನೊಂದಕ್ಕೆ ಹಾಸಿಗೆ ಬಿಡಿಸುವ ಹೋಟೆಲಿನವರಿಗೆ ನಿದ್ದೆಗೆಟ್ಟು ದುಡಿಯುವ ಕಷ್ಟ ಗೊತ್ತಿದೆ. ಸಾರಿಗೆ ಕೆಲಸಗಾರರಿಗೆ ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ ಎಂಬ ಮಿತಿಯನ್ನು ೧೯೬೧ರ ಕಾಯಿದೆಯಲ್ಲಿಯೇ ಬರೆದರು. ಕಾಯಿದೆಯ ಗಡಿಯಾರ ಒಂದು, ಹೆದ್ದಾರಿಯ ಗಡಿಯಾರ ಇನ್ನೊಂದು. ಸಾಮಾನಿನ ಒಡೆಯರು “ನಾಳೆ ಬೆಳಿಗ್ಗೆಯೇ ತಲಪಬೇಕು” ಎಂದು ಹಟ ಹಿಡಿದಾಗ ಆ ಒತ್ತಡ ಬಂದು ಬೀಳುವುದು ಚಾಲಕನ ಕಣ್ಣುರೆಪ್ಪೆಯ ಮೇಲೆ. ಒಂದು ದಿನ ತಡವಾದರೂ ಚಿಂತೆಯಿಲ್ಲವೆಂದು ಹೇಳುವುದೂ ಸುರಕ್ಷತೆಯ ಒಂದು ಭಾಗವೇ.

ರಸೀದಿಯೇ ಆಧಾರ

ಸಾಮಾನು ಒಪ್ಪಿಸುವಾಗ ನೀವು ಸಹಿ ಮಾಡಿ ಕೊಡುವ ಪತ್ರದಲ್ಲಿ ಸಾಮಾನಿನ ವಿವರವನ್ನೂ ಬೆಲೆಯನ್ನೂ ಬರೆಯಬೇಕು. ಕಚೇರಿಯವರು ಕೊಡುವುದು ರಸೀದಿ, ವಾಡಿಕೆಯ ಮಾತಿನಲ್ಲಿ ಎಲ್.ಆರ್. ಇವೆರಡನ್ನೂ ಓದಿಸಿ ಕೇಳದೆ ಸಹಿ ಮಾಡಬಾರದು.

ಏಕೆಂದರೆ ಸಾಮಾನು ಕೆಟ್ಟರೆ ಅಥವಾ ಕಳೆದರೆ ಸಾಗಣೆದಾರನ ಹೊಣೆಗೆ ೨೦೧೧ರ ನಿಯಮಗಳು ಒಂದು ಮಿತಿಯನ್ನು ಹಾಕಿವೆ: ಬಾಡಿಗೆಯ ಹತ್ತರಷ್ಟು. ಅದೂ ನೀವು ಬರೆದುಕೊಟ್ಟ ಬೆಲೆಯನ್ನು ಮೀರುವಂತಿಲ್ಲ. ಒಂದು ಉದಾಹರಣೆಯನ್ನು ನೋಡೋಣ. ಒಬ್ಬರು ೬೦,೦೦೦ ರೂಪಾಯಿಯ ಸಾಮಾನನ್ನು ೨,೫೦೦ ರೂಪಾಯಿ ಬಾಡಿಗೆಗೆ ಕಳುಹಿಸುತ್ತಾರೆ. ಎಲ್ಲವೂ ನಾಶವಾದರೂ ಹೆಚ್ಚೆಂದರೆ ೨೫,೦೦೦ ರೂಪಾಯಿಯ ಹೊಣೆ. “ಬೆಲೆ ಕಡಿಮೆ ಬರೆಯಿರಿ, ತೊಂದರೆ ಇರುವುದಿಲ್ಲ” ಎಂಬ ಮಾತು ಕೇಳಿ ೧೦,೦೦೦ ಎಂದು ಬರೆದಿದ್ದರೆ ದೊರೆಯತಕ್ಕದ್ದು ೧೦,೦೦೦ ಮಾತ್ರ. ಇದಕ್ಕೆ ಉಪಾಯವನ್ನು ಕಾಯಿದೆಯೇ ಇಟ್ಟಿದೆ. ನಿಜವಾದ ಬೆಲೆಯನ್ನು ಬರೆದು, ಹೆಚ್ಚಿನ ಹೊಣೆಯ ದರವನ್ನು ಕೊಟ್ಟರೆ ಆ ಮಿತಿಯಿಂದ ಪಾರಾಗಬಹುದು.

ರಸೀದಿಯ ಮೇಲೆ “ಮಾಲು ಒಡೆಯನ ಹೊಣೆ” ಎಂಬರ್ಥದ ಇಂಗ್ಲಿಷ್ ಮಾತು ಮುದ್ರಿತವಾಗಿದ್ದರೆ ಅನೇಕರು ಎಲ್ಲವೂ ಮುಗಿಯಿತೆಂದು ಕೈಚೆಲ್ಲುತ್ತಾರೆ. ಹಾಗಲ್ಲ. ಸಾಗಣೆದಾರನ ಅಜಾಗರೂಕತೆಯಿಂದ ನಷ್ಟವಾದಾಗ ಈ ಮಾತಿನ ಮರೆಯಲ್ಲಿ ಅವನು ತಪ್ಪಿಸಿಕೊಳ್ಳಲಾರನೆಂದು ಹಳೆಯ ಕಾಯಿದೆಯಿದ್ದ ಕಾಲದಲ್ಲಿಯೇ, ೨೦೦೦ದಲ್ಲಿ, ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ನೆನಪಿಡಬೇಕಾದ ಇನ್ನೊಂದು ಅಂಕಿ ೧೮೦. ನಷ್ಟವಾದುದನ್ನು ಬರವಣಿಗೆಯಲ್ಲಿ ಸಾಗಣೆದಾರನಿಗೆ ತಿಳಿಸದೆ ದಾವೆ ಹೂಡುವಂತಿಲ್ಲ. ಆ ನೋಟೀಸು ಬುಕ್ ಮಾಡಿದ ದಿನದಿಂದ ೧೮೦ ದಿನಗಳೊಳಗೆ ತಲಪಿರಬೇಕು. ಲೆಕ್ಕ ಪ್ರಾರಂಭವಾಗುವುದು ಬುಕ್ ಮಾಡಿದ ದಿನದಿಂದ, ನಷ್ಟ ತಿಳಿದ ದಿನದಿಂದಲ್ಲ. ಜನವರಿ ೧ರಂದು ಬುಕ್ ಮಾಡಿದವರಿಗೆ ಜೂನ್ ತಿಂಗಳು ಮುಗಿಯುವುದರೊಳಗೆ ಅವಕಾಶ ಮುಗಿಯುತ್ತದೆ. “ಇಂದು ಬರುತ್ತದೆ, ನಾಳೆ ಬರುತ್ತದೆ” ಎಂಬ ಸಮಾಧಾನದ ಮಾತುಗಳಲ್ಲಿಯೇ ಈ ಅವಧಿ ಕಳೆದುಹೋಗುವುದುಂಟು. ನೋಟೀಸು ಕೊಟ್ಟ ಮೇಲೆಯೂ ಪರಿಹಾರ ಸಿಗದಿದ್ದರೆ, ಸ್ವಂತ ಉಪಯೋಗದ ಸಾಮಾನಿನವರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ೨೦೧೯ರ ಗ್ರಾಹಕ ಕಾಯಿದೆಯಂತೆ ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡುವ ಅನುಕೂಲವಿದೆ.

ಹೋಟೆಲಿನ ಗುಮಾಸ್ತರಿಗೆ ಒಂದು ಮಾತು. ೫೦,೦೦೦ ರೂಪಾಯಿಗೆ ಮೇಲ್ಪಟ್ಟ ಸರಕು ರಾಜ್ಯ ದಾಟಿ ಬರುವಾಗ ೨೦೧೮ರ ಏಪ್ರಿಲಿನಿಂದ ಇ-ವೇ ಬಿಲ್ಲು ಬೇಕಾಗಿದೆ; ಅದರಲ್ಲಿ ಲಾರಿಯ ನಂಬರು ಇರುತ್ತದೆ. ಬಾಗಿಲಿಗೆ ಬಂದ ಲಾರಿಯ ನಂಬರನ್ನು ಅದರೊಡನೆ ಹೋಲಿಸಿ ನೋಡಿರಿ. ಬೇರೆ ನಂಬರಿನ ಗಾಡಿ ಬಂದಿದ್ದರೆ ನಡುದಾರಿಯಲ್ಲಿ ಸರಕು ಕೈ ಬದಲಾಯಿಸಿದೆಯೆಂದು ತಿಳಿಯಬೇಕು. ಬಳಸಿದ ಮನೆಸಾಮಾನಿಗೆ ಈ ಬಿಲ್ಲು ಬೇಕಾಗಿಲ್ಲ. ಬೇಕೆಂದು ಹೇಳಿ ಹಣ ಕೇಳಿದರೆ ಕೊಡಬಾರದು.

ಸರಕಿನ ಮೇಲೆ ಸವಾರಿ

ಇದುವರೆಗೆ ಹೇಳಿದುದು ಸಾಮಾನಿನ ಮಾತು. ಈಗ ಹೇಳುವುದು ಪ್ರಾಣದ ಮಾತು. ರಜೆಯಲ್ಲಿ ಊರಿಗೆ ಹೊರಟ ಹುಡುಗರು ಬಸ್ಸಿನ ಖರ್ಚು ಉಳಿಯಲೆಂದು, ಪರಿಚಯದ ಲಾರಿಯಲ್ಲಿ ಚಾಲಕನ ಪಕ್ಕದಲ್ಲಿಯೋ ಮೂಟೆಗಳ ಮೇಲೆಯೋ ಕುಳಿತು ಹೋಗುವುದುಂಟು. ಮನೆಗೆ ಕೊಡಲು ಇನ್ನೂರು ಮುನ್ನೂರು ರೂಪಾಯಿ ಹೆಚ್ಚಾಯಿತೆಂದು ಅವರಿಗೆ ಸಂತೋಷ. ಆದರೆ ಆ ಲಾರಿ ಉರುಳಿದರೆ ಏನಾಗುತ್ತದೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಸರಕಿನ ವಾಹನದಲ್ಲಿ ಸುಮ್ಮನೆ ಹತ್ತಿ ಕುಳಿತ ಪ್ರಯಾಣಿಕನ ಸಾವುನೋವಿಗೆ ವಿಮಾ ಕಂಪೆನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠವು ೨೦೦೨ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಹಾಗಾದಾಗ ಪರಿಹಾರ ಕೊಡಬೇಕಾದವನು ಲಾರಿಯ ಒಡೆಯ. ಅವನಲ್ಲಿ ಶಕ್ತಿಯಿಲ್ಲದಿದ್ದರೆ ಕೋರ್ಟಿನ ತೀರ್ಪು ಕೈಯಲ್ಲಿದ್ದರೂ ಮನೆಗೆ ಬರುವುದು ಬರಿಯ ಕಾಗದ. ಊರಿನಲ್ಲಿ ಮಗನ ಮನಿಯಾರ್ಡರಿನಿಂದ ನಡೆಯುತ್ತಿದ್ದ ಸಂಸಾರಕ್ಕೆ ಅದು ಯಾವ ಆಧಾರ?

ಒಂದು ವಿನಾಯಿತಿಯುಂಟು. ೧೯೯೪ರ ತಿದ್ದುಪಡಿಯಿಂದ, ಸರಕಿನ ಒಡೆಯ ಅಥವಾ ಅವನು ನೇಮಿಸಿದ ಪ್ರತಿನಿಧಿ ಸರಕಿನೊಡನೆ ಅದೇ ವಾಹನದಲ್ಲಿ ಹೋಗುತ್ತಿದ್ದರೆ ಅವನಿಗೆ ವಿಮೆಯ ರಕ್ಷಣೆ ದೊರೆಯಿತು. ಆದರೆ ಅವನು ಕುಳಿತಿರಬೇಕಾದುದು ಕ್ಯಾಬಿನ್ನಿನಲ್ಲಿ, ಮೂಟೆಗಳ ಮೇಲಲ್ಲ ಎಂದು ಅನಂತರದ ತೀರ್ಪುಗಳು ಸ್ಪಷ್ಟಪಡಿಸಿವೆ. ಆದಕಾರಣ ಸರಕಿನೊಡನೆ ಹುಡುಗನೊಬ್ಬನನ್ನು ಕಳುಹಿಸಲೇಬೇಕಾಗಿ ಬಂದರೆ, ಹೋಟೆಲಿನ ಮಾಲಕರು ಅವನ ಹೆಸರು ಬರೆದು, ಇಂಥ ಸರಕಿನೊಡನೆ ನಮ್ಮ ಪರವಾಗಿ ಹೋಗುತ್ತಿದ್ದಾನೆಂದು ಪತ್ರ ಕೊಡುವುದು ಧರ್ಮ. ಅವನನ್ನು ಕ್ಯಾಬಿನ್ನಿನಲ್ಲಿ ಕೂರಿಸಲು ಸ್ಥಳವಿದೆಯೇ ಎಂದು ನೋಡುವುದೂ ಅವರ ಕರ್ತವ್ಯ. ಉಳಿದವರು ಬಸ್ಸಿಗೇ ಹೋಗಲಿ.

ದುರ್ದೈವದಿಂದ ಅಪಘಾತವಾಗಿಯೇ ಹೋದರೆ ಕುಟುಂಬದವರು ಪರಿಹಾರದ ಅರ್ಜಿಗಾಗಿ ಚೆನ್ನೈಗೆ ಅಲೆಯಬೇಕಾದುದಿಲ್ಲ. ತಾವು ವಾಸಿಸುವ ಜಿಲ್ಲೆಯ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿಯೇ ಕೊಡಬಹುದು. ಆರು ತಿಂಗಳೊಳಗಾಗಿ ಕೊಡುವುದು ಕ್ಷೇಮ. ಆಗ ಮೊದಲು ಬೇಕಾಗುವುದು ಲಾರಿಯ ನಂಬರು, ವಿಮೆಯ ವಿವರ, ಚಾಲಕನ ಲೈಸೆನ್ಸು. ಹೊರಡುವ ದಿನ ಬರೆದಿಡದ ಸಂಗತಿಯನ್ನು ದುಃಖದ ದಿನದಲ್ಲಿ ಹುಡುಕುವುದು ಬಲು ಕಷ್ಟ.

ಒಂದು ಪುಸ್ತಕ ಇಡಿರಿ

ಇಷ್ಟೆಲ್ಲವನ್ನೂ ಪ್ರತಿಯೊಬ್ಬ ಕೆಲಸಗಾರನೂ ತಾನೇ ಮಾಡಲಿ ಎಂದು ಹೇಳುವುದು ನ್ಯಾಯವಲ್ಲ. ತಟ್ಟೆ ಲೋಟಗಳ ನಡುವೆ ದಿನ ಕಳೆಯುವವನಿಗೆ ಜಾಲತಾಣ ನೋಡುವ ಬಿಡುವೆಲ್ಲಿ? ತಮಿಳು, ಇಂಗ್ಲಿಷುಗಳನ್ನು ಓದಲಾರದವರೂ ನಮ್ಮಲ್ಲಿ ಇದ್ದಾರೆ. ಆದರೆ ಪ್ರತಿಯೊಂದು ಹೋಟೆಲಿನ ಗಲ್ಲೆಯ ಹತ್ತಿರ ಲೆಕ್ಕ ಬರೆಯುವವರೊಬ್ಬರು ಇರುತ್ತಾರೆ, ಕಚೇರಿಗಳಲ್ಲಿ ಗುಮಾಸ್ತರಿದ್ದಾರೆ, ಸಂಘಗಳಲ್ಲಿ ವಿದ್ಯಾವಂತರಾದ ಯುವಕರಿದ್ದಾರೆ. ಇವರು ತಮ್ಮವರಿಗಾಗಿ ಈ ಅರ್ಧ ಗಂಟೆಯನ್ನು ಕೊಟ್ಟರೆ ಸಾಕು.

ನಮ್ಮ ಸಲಹೆ ಸರಳವಾದದ್ದು. ಒಂದು ಸಾಮಾನ್ಯ ನೋಟುಪುಸ್ತಕದಲ್ಲಿ ಇಷ್ಟು ಕಾಲಮುಗಳನ್ನು ಗೆರೆ ಹಾಕಿರಿ: ತಾರೀಖು, ಬುಕಿಂಗ್ ಕಚೇರಿಯ ಹೆಸರು ಮತ್ತು ನೋಂದಣಿ ಸಂಖ್ಯೆ, ಲಾರಿಯ ನಂಬರು, ಪಕ್ಕದಲ್ಲಿ ಬರೆದ ಹೆಸರು, ಎಫ್.ಸಿ.ಯ ತಾರೀಖು, ವಿಮೆಯ ತಾರೀಖು, ಪರ್ಮಿಟ್, ಚಾಲಕನ ಲೈಸೆನ್ಸು, ರಸೀದಿಯ ಸಂಖ್ಯೆ, ಬರೆದುಕೊಟ್ಟ ಬೆಲೆ, ೧೮೦ನೆಯ ದಿನ ಯಾವುದು. ಕೊನೆಯ ಕಾಲಮನ್ನು ಖಾಲಿ ಬಿಡಿರಿ. ಸಾಮಾನು ಕ್ಷೇಮವಾಗಿ ತಲಪಿತೇ, ತಡವಾಯಿತೇ, ಒಡೆಯಿತೇ ಎಂಬುದನ್ನು ಆಮೇಲೆ ಅದರಲ್ಲಿ ತುಂಬಿಸಿರಿ.

ಇಂಥ ಪುಸ್ತಕವೊಂದು ಎರಡು ವರ್ಷ ನಡೆದರೆ, ಯಾವ ಕಚೇರಿಯವರು ಎಫ್.ಸಿ. ಮುಗಿದ ಲಾರಿಗಳನ್ನು ತರುತ್ತಾರೆ, ಯಾರು ನಂಬರು ಕೇಳಿದರೆ ಮುಖ ತಿರುಗಿಸುತ್ತಾರೆ, ಯಾರು ಮಾತಿಗೆ ತಪ್ಪದೆ ನಡೆದುಕೊಳ್ಳುತ್ತಾರೆ ಎಂಬುದು ಪುಟ ತಿರುವಿದರೆ ತಿಳಿಯುತ್ತದೆ. ಕಂಪೆನಿಗಳ ಚರಿತ್ರೆಯನ್ನು ನಮ್ಮ ಮುಂದೆ ತೆರೆದಿಡುವ ಸರಕಾರಿ ದಫ್ತರವಿಲ್ಲದಿದ್ದರೆ, ನಮಗೆ ಬೇಕಾದಷ್ಟರ ಮಟ್ಟಿನ ದಫ್ತರವನ್ನು ನಾವೇ ಬರೆದುಕೊಳ್ಳಬಹುದು. ದಿನದ ಹಾಲಿನ ಲೆಕ್ಕವನ್ನು ತಪ್ಪದೆ ಬರೆಯುವ ಕೈಗಳಿಗೆ ಇದು ಹೆಚ್ಚಿನ ಹೊರೆಯಾಗಲಾರದು. ಮುಂದಿನ ವಾರ ಊರಿಗೆ ಸಾಮಾನು ಕಳುಹಿಸುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಮೊದಲ ಸಾಲನ್ನು ಅವರಿಂದಲೇ ಪ್ರಾರಂಭಿಸಿರಿ.